ಪೆಟ್ರೋಲ್ ಟ್ಯಾಂಕಿನ ಮೇಲಿನ ಆರು ಅಕ್ಷರ

ಓದಲು ಕುಳಿತ ಅಕ್ಕಂದಿರಿಗೆ, ಅಣ್ಣಂದಿರಿಗೆ ಶರಣು. ನಾನು ಸವಣೂರಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುವವನು. ಬರೆಯುವುದು ನನ್ನ ಕಸುಬಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ಮೂವತ್ತೇಳನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾದೆ. ತಂಗಿ ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಇದನ್ನು ಹೊಡೆಯುತ್ತಿದ್ದೇನೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಒಂದು ಸ್ಪಾರ್ಕ್ ಪ್ಲಗ್ ಬದಲಿಸಬಹುದು. ತಪ್ಪು ಕಂಡಲ್ಲಿ ತುಕ್ಕು ಎಂದುಕೊಂಡು, ಒರೆಸಿಕೊಂಡು ಮುಂದೆ ಓದಿ.

ತಂಗಿಯ ಮನೆ ಗೃಹಪ್ರವೇಶಕ್ಕೆಂದು ನ್ಯೂ ಜೆರ್ಸಿಗೆ ಹೋಗಿ ಐದು ವಾರ ಇದ್ದು ಬಂದೆ. ವಿಮಾನದ ಊಟ, ಎತ್ತರದ ಕಟ್ಟಡಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನು ನೋಡಿದ್ದು ಬಹುಪಾಲು ಮೋಟಾರ್ ಸೈಕಲ್.

ಹೊರಡುವ ಮೊದಲು, ಸವಣೂರು

ನನಗೆ ಕೆಲಸ ಕಲಿಸಿದವರು ಇಮಾಮಸಾಬ ಉಸ್ತಾದರು. ಅವರ ಹತ್ತಿರ ಒಂದು ಹಾರ್ಲೆ ಮೋಟಾರ್ ಸೈಕಲ್ ಇತ್ತು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದವರು ಸಾವಿರಾರು ಸಂಖ್ಯೆಯಲ್ಲಿ ಮಾಡಿದ ಡಬ್ಲ್ಯೂಎಲ್ಎ ಎಂಬ ಮಿಲಿಟರಿ ಗಾಡಿ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದದ್ದು. ಈಗಿನ ಹುಡುಗರಿಗೆ ಆ ಗಾಡಿ ಕೊಟ್ಟರೆ ನಿಂತಲ್ಲಿಂದ ಅಲುಗಾಡಿಸಲಾರರು. ಅದರ ಗೇರ್ ಇರುವುದು ಕೈಯಲ್ಲಿ, ಟ್ಯಾಂಕಿನ ಪಕ್ಕ. ಕ್ಲಚ್ ಇರುವುದು ಎಡಗಾಲಿನಲ್ಲಿ. ಹೊಲಿಗೆ ಮಷಿನ್ನಿನ ಪೆಡಲಿನಂತೆ ಮುಂದೆ ತುದಿಗಾಲಿನಿಂದ ಒಮ್ಮೆ, ಹಿಂದೆ ಹಿಮ್ಮಡಿಯಿಂದ ಒಮ್ಮೆ ಒತ್ತಬೇಕು. ತುದಿಗಾಲು ಒತ್ತಿದರೆ ಕ್ಲಚ್ ಬಿಡುತ್ತದೆ, ಹಿಮ್ಮಡಿ ಒತ್ತಿದರೆ ಹಿಡಿಯುತ್ತದೆ. ಹದಿಮೂರನೇ ವಯಸ್ಸಿನಲ್ಲಿ ನಾನು ಹಾಗೆ ಕಲಿತೆ.

ಉಸ್ತಾದರಿಗೆ ಒಂದು ವಿಚಿತ್ರ ಚಾಳಿ ಇತ್ತು. ಯೋಚನೆಗೆ ಬಿದ್ದರೆ ಅವರ ಎಡಗೈ ಮಣಿಕಟ್ಟು ಗಾಳಿಯಲ್ಲಿ ಸಣ್ಣಗೆ ತಿರುಗುತ್ತಿತ್ತು, ಎಕ್ಸಲೇಟರ್ ಕೊಟ್ಟ ಹಾಗೆ. ಪ್ರಪಂಚದಲ್ಲೆಲ್ಲ ಎಕ್ಸಲೇಟರ್ ಇರುವುದು ಬಲಗೈಯಲ್ಲಿ. ಗ್ಯಾರೇಜಿನಲ್ಲಿ ನಾವೆಲ್ಲ ಅವರ ಬೆನ್ನ ಹಿಂದೆ ಅದನ್ನು ಮಾಡಿ ತೋರಿಸಿ ನಗುತ್ತಿದ್ದೆವು.

ಹನ್ನೊಂದು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬ ಲಾರಿ ಡ್ರೈವರ್ ಕೇಳಿದ, "ಉಸ್ತಾದ, ನೀವು ಮೊದಲ ಕಲ್ತದ್ದು ಯಾವ ಗಾಡಿ ಮ್ಯಾಲೆ?"

"ಇಂಡಿಯನ್," ಅಂದರು ಉಸ್ತಾದರು. "ಪುಣೆ ಕಡೆ ಮಿಲಿಟರಿ ವರ್ಕ್‌ಶಾಪಿನ್ಯಾಗ ಹೆಲ್ಪರ್ ಇದ್ನಿ. ಆಗ ಹೊಡದದ್ದು ಇಂಡಿಯನ್ ಗಾಡಿ."

"ಇಂಡಿಯನ್ ಅಂದ್ರ ಎತ್ತಿನ ಬಂಡಿ ಏನ್ರೀ?" ಅಂದ ಡ್ರೈವರ್. ಅಂಗಡಿ ತುಂಬ ನಗು.

ಉಸ್ತಾದರು ನನ್ನ ಕಡೆ ತಿರುಗಿ, "ನೀ ಓದಿದಾಂವ ಅದೀ. ಹೇಳಲೇ ಇವರಿಗೆ," ಅಂದರು.

ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಇತಿಹಾಸದ ಪಾಠ ತಲೆಯಲ್ಲಿ ಬಿಸಿಬಿಸಿ ಇತ್ತು. "ಉಸ್ತಾದ, ಬ್ರಿಟಿಷರ ಕಾಲಕ್ಕ ನಮ್ಮ ದೇಶದಾಗ ಸೂಜಿನೂ ತಯಾರಾಗ್ತಿರಲಿಲ್ಲ. ಪುಸ್ತಕದಾಗ ಐತಿ. ಮೋಟಾರ್ ಸೈಕಲ್ ಎಲ್ಲಿಂದ ಬರಬೇಕು?" ಅಂದೆ.

ಅವರು ಕಪ್ಪು ಕೆಳಗಿಟ್ಟು ಎದ್ದು ಹೋದರು. ಮರುದಿನ ಗ್ಯಾರೇಜಿನ ಬೀಗದ ಕೈ ನಮ್ಮ ಮನೆಗೆ ಕಳಿಸಿದರು. ಹಾರ್ಲೆಯೂ ನನ್ನ ಪಾಲಿಗೇ ಬಿತ್ತು. ಊರಲ್ಲಿ ಅವರಿಗೆ 'ಬೊಗಳೆ ಇಮಾಮಸಾಬ' ಎಂಬ ಹೆಸರಾಯಿತು. ಮತ್ತೆ ಅವರು ಗ್ಯಾರೇಜಿನ ಮೆಟ್ಟಿಲು ಹತ್ತಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಹಬ್ಬದ ದಿನ ಹೋದರೆ, ಒಳಗಿನಿಂದ ಮಗಳ ಕೈಯಲ್ಲಿ ಶ್ಯಾವಿಗೆಯ ಸುರಕುಂಬಾ ಕಳಿಸುತ್ತಿದ್ದರು. ತಾವು ಹೊರಗೆ ಬರುತ್ತಿರಲಿಲ್ಲ.

ಬಾಸ್ಕಿಂಗ್ ರಿಡ್ಜ್, ಮೊದಲ ವಾರ

ನ್ಯೂ ಜೆರ್ಸಿಯ ಈ ಊರಲ್ಲಿರುವ ತಂಗಿ ಸರೋಜಾ ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ. ಎರಡು ಸಾವಿರದ ಇಸವಿ ಬಂದರೆ ಎರಡು ಸೊನ್ನೆ ನೋಡಿ ಕಂಪ್ಯೂಟರುಗಳೆಲ್ಲ ಗಾಬರಿಯಾಗುತ್ತವೆ ಎಂದು ಆ ಬೇಸಿಗೆಯಲ್ಲಿ ಅವರಿಗೆಲ್ಲ ಮೈತುಂಬ ಕೆಲಸ. ಅವಳ ಗಂಡ ಅನಂತ ಮೈಸೂರಿನವರು, ಅವರದೂ ಅದೇ ಉದ್ಯೋಗ. ನನಗಿಂತ ಚಿಕ್ಕವರಾದರೂ ತಂಗಿಯ ಗಂಡನೆಂದು ನಾನು ಬಹುವಚನದಲ್ಲೇ ಮಾತಾಡುತ್ತೇನೆ. ಇಬ್ಬರೂ ಬೆಳಿಗ್ಗೆ ಹೋದರೆ ಬೀದಿಯಲ್ಲಿ ನಾನೊಬ್ಬನೇ ಮನುಷ್ಯ. ಮನೆಗಳಿಗೆ ಕಾಂಪೌಂಡ್ ಇಲ್ಲ, ಕಟ್ಟೆ ಇಲ್ಲ, ಕಟ್ಟೆಯ ಮೇಲೆ ಕೂತವರಂತೂ ಇಲ್ಲವೇ ಇಲ್ಲ. ನಡೆಯುತ್ತ ಹೊರಟರೆ ಕಾರಿನವರು ನಿಲ್ಲಿಸಿ, ಗಾಡಿ ಕೆಟ್ಟಿದೆಯೇ ಎಂದು ಕೇಳುತ್ತಾರೆ.

ಒಂದು ಶನಿವಾರ ಹಾಗೆ ನಡೆಯುವಾಗ ಬೀದಿಯ ತುದಿಯ ಹಳೆಯ ಮರದ ಮನೆಯ ಮುಂದೆ ಒಂದು ರಟ್ಟಿನ ಬೋರ್ಡು ಕಂಡಿತು. ಅಕ್ಷರ ಕೂಡಿಸಿ ಓದಿದೆ. 'ಗ್ಯಾರೇಜ್ ಸೇಲ್.' ನನಗೆ ಮನಸ್ಸು ಕಸಿವಿಸಿಯಾಯಿತು. ಯಾರೋ ಪಾಪ ಒಬ್ಬ ಮೆಕ್ಯಾನಿಕ್ ಗ್ಯಾರೇಜು ಮಾರಲು ಕೂತಿದ್ದಾನೆ. ಒಂದೇ ಕಸುಬಿನವರು, ಕಂಡು ಎರಡು ಮಾತಾಡದೆ ಮುಂದೆ ಹೋಗುವುದು ಸರಿಯಲ್ಲ ಎಂದು ಒಳಗೆ ಹೋದೆ.

ಅಲ್ಲಿ ಮೇಜಿನ ಮೇಲೆ ಕಪ್ಪು ಬಸಿ, ಹೆಂಗಸರ ಟೊಪ್ಪಿಗೆ, ಒಂದು ಇಸ್ತ್ರಿ ಪೆಟ್ಟಿಗೆ. ಹಿಂದೆ ಕುರ್ಚಿಯಲ್ಲಿ ಎಪ್ಪತ್ತರ ಮೇಲಿನ ಉದ್ದನೆಯ ಮನುಷ್ಯ. ನಾನು ಅವರ ಕೈ ಹಿಡಿದು, "ವೆರಿ ಸ್ಯಾಡ್, ಸರ್. ಐ ಆಲ್ಸೋ ಗ್ಯಾರೇಜ್," ಎಂದೆ. ಅವರು ನನ್ನನ್ನು ನೋಡಿ, ತಲೆಯಾಡಿಸಿದರು. ಆ ಸಾಮಾನು ಹೋದ ವರ್ಷ ತೀರಿಕೊಂಡ ಅವರ ಹೆಂಡತಿಯದು ಎಂದು ಆಮೇಲೆ ತಿಳಿಯಿತು. ಅಲ್ಲಿ ಮನೆಯ ಹಳೆಯ ಸಾಮಾನನ್ನು ಕಾರ್ ನಿಲ್ಲಿಸುವ ಕೋಣೆಯ ಮುಂದೆ ಇಟ್ಟು ಮಾರುವುದಕ್ಕೇ ಆ ಹೆಸರಂತೆ. ನನ್ನ ಮಾತು ತಪ್ಪು ವಿಳಾಸಕ್ಕೆ ಹೊರಟು ಸರಿಯಾದ ಮನೆಗೇ ಮುಟ್ಟಿತ್ತು.

ಅಷ್ಟರಲ್ಲಿ ಕೋಣೆಯ ಒಳಗೆ ಕಣ್ಣು ಹೋಯಿತು. ಅಲ್ಲಿ ನಮ್ಮ ಹಾರ್ಲೆ ನಿಂತಿತ್ತು. ನಮ್ಮದೇ ಬಣ್ಣ, ನಮ್ಮದೇ ಗೇರಿನ ಕೋಲು. ಮುದುಕರ ಹೆಸರು ವಾಲ್ಟರ್. ನಾನು ಒಂದೊಂದೇ ಭಾಗ ಮುಟ್ಟಿ ಹೆಸರು ಹೇಳಿದೆ, ಡೈನಮೊ, ಕಾರ್ಬೋರೇಟರ್, ಪಾಯಿಂಟ್. ಅವರು ಒಂದೊಂದಕ್ಕೂ "ಯಾ" ಎಂದರು. ಒಂದು ತಾಸು ನಮ್ಮ ಸಂಭಾಷಣೆ ಇಷ್ಟೇ. ಹೊರಡುವಾಗ ಮುಂದಿನ ಶನಿವಾರ ಬರಬೇಕೆಂದು ಬೆರಳಲ್ಲಿ ಏಳು ಎಣಿಸಿ ತೋರಿಸಿದರು.

ವಾಲ್ಟರರ ಹಿತ್ತಲು, ಮುಂದಿನ ಶನಿವಾರ

ಮಾತು ತಿಳಿಸಲೆಂದು ಅನಂತ, ಸರೋಜಾ ಇಬ್ಬರೂ ಬಂದರು. ಹಿತ್ತಲಿನ ಕೊಟ್ಟಿಗೆಯಲ್ಲಿ ಇನ್ನೂ ಎರಡು ಗಾಡಿಗಳಿದ್ದವು. ಮೂಲೆಯಲ್ಲಿ ತಾಡಪಾಲು ಹೊದಿಸಿದ ಮತ್ತೊಂದು. ಅದಕ್ಕೆ ಕೈ ಹಾಕಹೋದೆ. ಅದು ಕೊನೆಗೆ ಎಂದು ವಾಲ್ಟರ್ ತಡೆದರು.

ಅವರು ಹೆಸರು ಹೇಳುತ್ತ ಹೋದರು, ಅನಂತ ಕನ್ನಡ ಮಾಡುತ್ತ ಹೋದರು. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ ಮಡಚಿದ ಮುಷ್ಟಿಯ ಗೆಣ್ಣಿನ ಹಾಗೆ ಇದ್ದರೆ ಅದು ನಕಲ್‌ಹೆಡ್. ಬೋರಲು ಹಾಕಿದ ಬಾಣಲೆಯ ಹಾಗೆ ಇದ್ದರೆ ಪ್ಯಾನ್‌ಹೆಡ್, ಅದು ಯುದ್ಧ ಮುಗಿದ ಮೇಲಿನದು.

"ಅಡಗಿಮನಿ ಸಾಮಾನಿನ ಹೆಸರಲ್ಲ ಇದು?" ಅಂದಳು ಸರೋಜಾ.

"ಕಂಪನಿ ಇಟ್ಟಿದ್ದಲ್ವಂತೆ ಕಣೇ, ಓಡಿಸೋರೇ ಇಟ್ಕೊಂಡಿದ್ದು," ಅಂದರು ಅನಂತ.

ಅದು ನನಗೆ ಹಿಡಿಸಿತು. ನಮ್ಮಲ್ಲಿ ಕಂಪನಿಯವರು ಗಾಡಿಗೆ ಗುಂಡು, ಚಿರತೆ ಎಂಬರ್ಥದ ಇಂಗ್ಲಿಷ್ ಹೆಸರಿಡುತ್ತಾರೆ. ಇಲ್ಲಿ ಮಂದಿ ಅದರ ಮುಖ ನೋಡಿ ಅಡ್ಡಹೆಸರು ಇಟ್ಟಿದ್ದಾರೆ, ಕೇರಿಯ ಹುಡುಗರಿಗೆ ಇಡುವ ಹಾಗೆ.

ವಾಲ್ಟರ್ ಹೇಳಿದ್ದು ಇನ್ನೊಂದು. ಯುದ್ಧದಿಂದ ಮರಳಿದ ಹುಡುಗರಿಗೆ ಮಿಲಿಟರಿ ಗಾಡಿಗಳು ಅಗ್ಗಕ್ಕೆ ಸಿಕ್ಕವಂತೆ. ಅವರು ಮಡ್‌ಗಾರ್ಡು, ಪೆಟ್ಟಿಗೆ, ಭಾರದ್ದೆಲ್ಲ ಕಿತ್ತೆಸೆದು ಹಗುರ ಮಾಡಿಕೊಂಡು ಊರೂರು ತಿರುಗಿದರಂತೆ. ಮುಂದೆ ಆ ದೇಶದಲ್ಲಿ ಗಾಡಿಯವರ ಕೂಟ, ಉದ್ದ ಮೂತಿಯ ಗಾಡಿ, ಚರ್ಮದ ಕೋಟು ಎಲ್ಲ ಬಂದದ್ದು ಆ ಹುಡುಗರಿಂದಲೇ ಅಂತೆ. ನಮ್ಮಲ್ಲಿ ಅದೇ ಗಾಡಿಗೆ ನಾವು ಇನ್ನೂ ಎರಡು ಕ್ಯಾರಿಯರ್ ಸೇರಿಸಿ, ಹಾಲಿನ ಕ್ಯಾನು ಕಟ್ಟಿ, ಹಿಂದೆ ಇಬ್ಬರನ್ನು ಕೂರಿಸಿದೆವು. ಹಗುರ ಮಾಡುವುದು ನಮಗೆ ಹೊಳೆಯಲೇ ಇಲ್ಲ.

ಆಮೇಲೆ ವಾಲ್ಟರ್ ಹಾರ್ಲೆಯನ್ನು ಹಿತ್ತಲಿನ ಹುಲ್ಲಿಗೆ ತಂದು ನನ್ನ ಮುಂದೆ ನಿಲ್ಲಿಸಿದರು. ನಾನು ಚಪ್ಪಲಿ ಬಿಟ್ಟು, ಟ್ಯಾಂಕು ಮುಟ್ಟಿ ಹಣೆಗೆ ಒತ್ತಿಕೊಂಡು ಹತ್ತಿದೆ. ಉಸ್ತಾದರ ಗಾಡಿಯನ್ನು ಹಾಗೆಯೇ ಹತ್ತಿ ರೂಢಿ. ವಾಲ್ಟರ್ ನನ್ನ ಎಡಗಾಲು ತೋರಿಸಿ ಎರಡು ಸಲ ಏನೋ ಹೇಳಿದರು. ನಾನು ಎರಡು ಸಲ "ಯಾ" ಎಂದೆ.

ಎರಡನೇ ಕಿಕ್ಕಿಗೆ ಹತ್ತಿತು. ತುದಿಗಾಲು ಒತ್ತಿ ಕ್ಲಚ್ ಬಿಡಿಸಿ, ಎಡಗೈಯಿಂದ ಗೇರ್ ಹಾಕಿದೆ. ಹಾಕಿದೆನೋ ಇಲ್ಲವೋ, ಗಾಡಿ ಕಡಕ್ ಎಂದು ಜಿಗಿಯಿತು. ಗಾಬರಿಯಲ್ಲಿ ತುದಿಗಾಲು ಇನ್ನಷ್ಟು ಒತ್ತಿದೆ. ಗಾಡಿ ಇನ್ನಷ್ಟು ಓಡಿತು. ಟೊಮೆಟೊ ಗಿಡಗಳ ಒಂದು ಸಾಲು ಮಲಗಿಸಿ, ಬೇಲಿಯ ಕಂಬಕ್ಕೆ ಮಡ್‌ಗಾರ್ಡು ಕೊಟ್ಟು ನಿಂತೆ. ಮೂವತ್ತೈದು ವರ್ಷ ಓಡಿಸಿದ ಗಾಡಿ. ಮೈಗೆ ಏನೂ ಆಗಲಿಲ್ಲ. ಮುಖ ಮಾತ್ರ ಎತ್ತಲಾಗಲಿಲ್ಲ.

ವಾಲ್ಟರ್ ಓಡಿ ಬಂದು ನನ್ನ ಕಾಲು ನೋಡಿದರು, ಪೆಡಲು ನೋಡಿದರು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಯು ರೈಡ್ ಲೈಕ್ ಆನ್ ಇಂಡಿಯನ್," ಎಂದರು. ಮತ್ತೆ ಮನೆಯೆಲ್ಲ ಕೇಳುವ ಹಾಗೆ, "ಹಿ ರೈಡ್ಸ್ ಲೈಕ್ ಆನ್ ಇಂಡಿಯನ್," ಎಂದರು.

ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

ಅನಂತ ಅವರ ಮುಖ ಕೆಂಪಾಯಿತು. "ನಡೀರಿ ಭಾವ, ಹೋಗೋಣ," ಎಂದು ತೋಳು ಹಿಡಿದರು. ವಾಲ್ಟರ್ ತಾಡಪಾಲಿನ ಕಡೆ ಕೈ ತೋರಿಸಿ ಏನೋ ಕೂಗುತ್ತಿದ್ದರು. ನಾವು ತಿರುಗಿ ನೋಡಲಿಲ್ಲ. ಮನೆ ಮುಟ್ಟಿದ ಮೇಲೆ ನೋಡಿಕೊಂಡೆ. ಚಪ್ಪಲಿ ಅಲ್ಲೇ ಉಳಿದಿತ್ತು.

"ಆಫೀಸಲ್ಲಿ ಯಾರಾದ್ರೂ ಈ ಥರ ಕಾಮೆಂಟ್ ಪಾಸ್ ಮಾಡಿದ್ರೆ ಕಂಪ್ಲೇಂಟ್ ಕೊಡಬಹುದು, ಗೊತ್ತಾ?" ಅಂದರು ಅನಂತ.

"ಅವನ ಟೊಮ್ಯಾಟೊ ಎಲ್ಲಾ ನೆಲಾ ಕಂಡಾವು. ಅವನೂ ಒಂದು ಮಾತು ಅಂದ. ಸಮಾ ಆತು ಬಿಡ್ರಿ," ಅಂದಳು ಸರೋಜಾ. ಆದರೆ ನನಗೆ ಎರಡನೇ ಸಲ ಅನ್ನ ಬಡಿಸುವಾಗ ಅವಳು ಮುಖ ನೋಡಲಿಲ್ಲ.

ಜ್ಯಾಕ್ಸನ್ ಹೈಟ್ಸ್, ಭಾನುವಾರ

ನನ್ನನ್ನು ಸಮಾಧಾನ ಮಾಡಲು ಮರುದಿನ ನಮ್ಮ ದೇಶದವರ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸಿಗೆ ಕರೆದುಕೊಂಡು ಹೋದರು. ಅಲ್ಲಿನ ಎಪ್ಪತ್ನಾಲ್ಕನೇ ಬೀದಿಯಲ್ಲಿ ಸೀರೆ, ಬಂಗಾರ, ಮಿಠಾಯಿ, ಕರಿಬೇವು ಎಲ್ಲವೂ ಸಿಗುತ್ತವೆ. ತಲೆಯ ಮೇಲೆ ರೈಲು ಗಡಗಡ ಹೋಗುತ್ತದೆ. ಒಂದು ಹೋಟೆಲಿನಲ್ಲಿ ಸರೋಜಾ ಮಿರ್ಚಿ ಭಜಿ ಕೇಳಿದಳು. ಬಂದದ್ದು ಬೇರೆ ಏನೋ, ಸಿಹಿ ಚಟ್ನಿಯ ಜೊತೆ. ತಿಂದೆವು.

ಯಾವ ಬೋರ್ಡು ನೋಡಿದರೂ ಇಂಗ್ಲಿಷಿನ ಅದೇ ಆರು ಅಕ್ಷರ. ಇಂಡಿಯನ್ ಗ್ರೋಸರಿ, ಇಂಡಿಯನ್ ಸ್ವೀಟ್ಸ್, ಇಂಡಿಯನ್ ಜ್ಯುವೆಲ್ಲರ್ಸ್. ಬೇರೆ ಇಂಗ್ಲಿಷ್ ಶಬ್ದಗಳನ್ನು ನಾನು ಅಕ್ಷರ ಕೂಡಿಸಿ ಓದುತ್ತೇನೆ. ಆ ಶಬ್ದವನ್ನು ಮಾತ್ರ ಅಂದಿನಿಂದ ಮುಖ ನೋಡಿದರೆ ಗುರುತು ಹಿಡಿಯುತ್ತೇನೆ.

"ಊರಾಗ ನಮ್ಮನ್ನ ಯಾರೂ ಹಿಂಗ ಕರೆಯಂಗಿಲ್ಲಲ್ಲ," ಅಂದೆ.

"ಊರಾಗ ನಾವು ಸವಣೂರವರು, ಅಣ್ಣಾ. ಹುಬ್ಬಳ್ಳಿಗೆ ಹೋದರೂ ಸವಣೂರವರು. ಇಲ್ಲಿ ಬಂದ ಮ್ಯಾಲೆ ಇಂಡಿಯನ್," ಅಂದಳು.

ನನಗೆ ಚಹಾದಂಗಡಿಯ ನಗು ನೆನಪಾಯಿತು. ಅಲ್ಲಿ ನಾನು ನಕ್ಕವರ ಬದಿಯಲ್ಲಿದ್ದೆ.

ಮತ್ತೆ ಬಾಸ್ಕಿಂಗ್ ರಿಡ್ಜ್, ಬುಧವಾರ ಸಂಜೆ

ಎಲ್ಲರೂ ಕಾಫಿ ಕುಡಿಯುತ್ತಿರುವಾಗ ಬೀದಿಯಲ್ಲಿ ಎಂಜಿನ್ ಸದ್ದು ಬಂತು. ಹಾರ್ಲೆಯದಲ್ಲ, ಅದಕ್ಕಿಂತ ಮೆತ್ತಗಿನ ಸದ್ದು. ಸದ್ದಿನಲ್ಲೇ ಗಾಡಿ ಹೇಳುವವನು ನಾನು. ಇದನ್ನು ಹೇಳಲಾಗಲಿಲ್ಲ. ಬಾಗಿಲಿಗೆ ಹೋದೆ.

ನಮ್ಮ ಮನೆಯ ಮುಂದೆ ವಾಲ್ಟರ್ ಬಂದು ನಿಂತಿದ್ದರು. ಕಡುಗೆಂಪು ಬಣ್ಣದ ಭಾರಿ ಗಾಡಿ. ಎರಡೂ ಚಕ್ರಗಳ ಮಡ್‌ಗಾರ್ಡು ಸೀರೆಯ ನೆರಿಗೆಯಂತೆ ಅರ್ಧ ಚಕ್ರ ಮುಚ್ಚಿ ಇಳಿದಿದ್ದವು. ಹ್ಯಾಂಡಲಿಗೆ ಒಂದು ಕಾಗದದ ಚೀಲ ನೇತು ಹಾಕಿದ್ದರು. ಅದರಲ್ಲಿ ನನ್ನ ಚಪ್ಪಲಿ. ಕೊಡಲು ಕೈ ಚಾಚಿದರು. ನಾನು ಚೀಲ ಹಿಡಿಯಲಿಲ್ಲ. ಟ್ಯಾಂಕು ನೋಡುತ್ತಿದ್ದೆ. ಟ್ಯಾಂಕಿನ ಮೇಲೆ ಬಂಗಾರದ ಬಣ್ಣದಲ್ಲಿ, ಕೂಡಿಸಿ ಬರೆದ ಅಕ್ಷರದಲ್ಲಿ, ಭಾನುವಾರ ಮೂವತ್ತು ಬೋರ್ಡಿನ ಮೇಲೆ ಓದಿದ ಅದೇ ಶಬ್ದ ಇತ್ತು.

"ಅನಂತ, ಇದು ಏನು ಬರದೈತಿ?" ಅಂದೆ. ನನಗೆ ಗೊತ್ತಿತ್ತು. ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು.

"ಇಂಡಿಯನ್," ಅಂದರು ಅನಂತ.

ಅದು ಗಾಡಿಯ ಹೆಸರು. ಹಾರ್ಲೆಗಿಂತ ಮೊದಲೇ ಶುರುವಾದ ಅಮೆರಿಕದ ಕಂಪನಿ. ಈ ಮಾದರಿಗೆ ಚೀಫ್ ಎನ್ನುತ್ತಾರೆ. ಐವತ್ತರ ದಶಕದ ಆರಂಭದಲ್ಲಿ, ನಾನು ಇನ್ನೂ ತೊಟ್ಟಿಲಲ್ಲಿದ್ದಾಗ, ಅವರ ಕಾರ್ಖಾನೆ ಮುಚ್ಚಿತಂತೆ. ಯುದ್ಧದ ಕಾಲದಲ್ಲಿ ಇವರ ಗಾಡಿಗಳೂ ಬ್ರಿಟಿಷರ ಸೈನ್ಯಕ್ಕೆ ಹೋಗಿದ್ದವಂತೆ. ತಾಡಪಾಲಿನ ಕೆಳಗೆ ಇದ್ದದ್ದು ಇದೇ. ಅಂದು ಅದನ್ನೇ ತೋರಿಸಲು ಅವರು ಕೈ ಬೀಸಿ ಕೂಗಿದ್ದು.

ವಾಲ್ಟರ್ ಕುಳಿತಲ್ಲೇ ಪೆಡಲು ತೋರಿಸಿದರು. ಹಾರ್ಲೆಯಲ್ಲಿ ತುದಿಗಾಲು ಒತ್ತಿದರೆ ಗಾಡಿ ಹೊರಡುತ್ತದೆ. ಇಂಡಿಯನ್ನಿನಲ್ಲಿ ಅದಕ್ಕೆ ತಿರುವುಮುರುವು, ತುದಿಗಾಲು ಒತ್ತಿದರೆ ಕ್ಲಚ್ ಬಿಡುತ್ತದೆ. ಒಂದನ್ನು ಕಲಿತ ಕಾಲು ಇನ್ನೊಂದನ್ನು ಕೇಳುವುದಿಲ್ಲ. ಅವರು ಹುಡುಗರಿದ್ದಾಗ ಹೀಗೆ ಬೇಲಿಗೆ ನುಗ್ಗಿದವರನ್ನು ಕಂಡರೆ, ಇವನು ಇಂಡಿಯನ್ ಓಡಿಸುವವನು, ಎನ್ನುತ್ತಿದ್ದರಂತೆ. ಅಷ್ಟು ವರ್ಷದ ಮೇಲೆ ಅದನ್ನು ಮತ್ತೆ ನೋಡಿ ನಗು ತಡೆಯಲಾಗಲಿಲ್ಲವಂತೆ. ಮಡ್‌ಗಾರ್ಡಿನ ಭಯಕ್ಕೆ ನಾವು ಓಡಿಹೋದೆವು ಎಂದು ತಿಳಿದಿದ್ದರು. "ಮಡ್‌ಗಾರ್ಡು ಬಡಿದು ಸರಿ ಮಾಡಿದ್ದೇನೆ, ಚಿಂತೆ ಬೇಡ," ಎಂದರು.

ಅನಂತ ಇದನ್ನೆಲ್ಲ ಕನ್ನಡ ಮಾಡುವಾಗ ನೆಲ ನೋಡುತ್ತಿದ್ದರು. "ಭಾವ, ನಾನು ಸುಮ್ನೆ..." ಎಂದು ನಿಲ್ಲಿಸಿದರು.

"ಎಚ್ ಆರ್‌ಗೆ ಕಂಪ್ಲೇಂಟ್ ಕೊಡಾಕ ಫೋನ್ ಹಚ್ಚಲೇನ್ರೀ?" ಅಂದು ನಕ್ಕಳು ಸರೋಜಾ.

ನಾನು ಆ ನಗುವಿನಲ್ಲಿ ಸೇರಲಿಲ್ಲ. ಊರಿನ ಹಾರ್ಲೆಯ ಪೆಡಲಿನ ಕೆಳಗೆ ಒಂದು ಬೆಸುಗೆಯ ಗುರುತು ಇದೆ. ಕಡ್ಡಿ ಮುರಿದಾಗ ಹಾಕಿಸಿದ್ದು ಎಂದು ಇಷ್ಟು ವರ್ಷ ತಿಳಿದಿದ್ದೆ. ಅದು ರಿಪೇರಿಯಲ್ಲ. ಉಸ್ತಾದರು ತಮ್ಮ ಕಾಲಿಗೆ ರೂಢಿಯಿದ್ದ ಹಾಗೆ ಹಾರ್ಲೆಯ ಪೆಡಲನ್ನು ತಿರುವಿಸಿಕೊಂಡಿದ್ದರು. ನಾವೆಲ್ಲ ಅದರ ಮೇಲೆಯೇ ಕಲಿತೆವು. ಸವಣೂರಿನಲ್ಲಿ ಹಾರ್ಲೆ ಕಲಿತ ಪ್ರತಿಯೊಬ್ಬನ ಕಾಲೂ ಇಂಡಿಯನ್ ಕಾಲು.

ಹೊರಡಲು ವಾಲ್ಟರ್ ಎಂಜಿನ್ ಚಾಲೂ ಮಾಡಿದರು. ಎಕ್ಸಲೇಟರ್ ಕೊಟ್ಟರು. ತಿರುಗಿದ್ದು ಅವರ ಎಡಗೈ ಮಣಿಕಟ್ಟು.

ನಾನು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದೆ. ಒಮ್ಮೆ ಹತ್ತಲೇ ಎಂದು ಸನ್ನೆಯಲ್ಲಿ ಕೇಳಿದೆ.

"ಭಾವ, ಪ್ಲೀಸ್, ರೋಡ್ ಮೇಲೆ ಬೇಡ. ಲೈಸೆನ್ಸ್ ಇಲ್ಲ, ಕಾಪ್ ಬಂದ್ರೆ ನನ್ನ ಗ್ರೀನ್ ಕಾರ್ಡ್ ಪ್ರಾಸೆಸಲ್ಲಿದೆ," ಅಂದರು ಅನಂತ.

ಹಾಗಾಗಿ ಮನೆಯ ಮುಂದಿನ ಕಾರ್ ನಿಲ್ಲಿಸುವ ಜಾಗದಲ್ಲೇ ಹತ್ತು ಹೆಜ್ಜೆ ಹೋಗಿ ನಿಲ್ಲಿಸಿದೆ. ಕಾಲು ತಪ್ಪಲಿಲ್ಲ. ಎಡಗೈ ಮಾತ್ರ ಹೊಸದಾಗಿ ಕಲಿಯಬೇಕಾಯಿತು. ಅಮೆರಿಕದಲ್ಲಿ ನಾನು ಸರಿಯಾಗಿ ಓಡಿಸಿದ ದೂರ ಅಷ್ಟೇ. ಸರೋಜಾ ಟ್ಯಾಂಕಿನ ಪಕ್ಕ ನಿಂತು ಒಂದು ಫೋಟೋ ತೆಗೆದಳು.

ಸವಣೂರು

ಬಂದ ಮರುದಿನ ಉಸ್ತಾದರ ಮನೆಗೆ ಹೋದೆ. ಹಬ್ಬದ ದಿನವಲ್ಲದ್ದರಿಂದ ಮಗಳಿಗೆ ಆಶ್ಚರ್ಯ. ನಾನು ಪಡಸಾಲೆಯಲ್ಲಿ ನಿಂತು ಒಳಗೆ ಕೇಳುವ ಹಾಗೆ ಹೇಳಿದೆ, "ಉಸ್ತಾದ, ಇಂಡಿಯನ್ ಗಾಡಿ ನೋಡಿ ಬಂದೆ. ಅಮೆರಿಕಾದಾಗ."

ಅವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕಣ್ಣಿಗೆ ಪೊರೆ ಬಂದಿತ್ತು, ನನಗೆ ಗೊತ್ತೇ ಇರಲಿಲ್ಲ. ಫೋಟೋ ಕೈಗೆ ಕೊಟ್ಟೆ. ಕಿಟಕಿಯ ಹತ್ತಿರ ಒಯ್ದು, ಮೂಗಿಗೆ ಹಚ್ಚಿ ನೋಡಿ, ತಿರುಗಿ ಕೊಟ್ಟರು.

"ಕಾಣಂಗಿಲ್ಲ," ಅಂದರು. "ಎಕ್ಸಲೇಟರ್ ಯಾವ ಕೈಯಾಗ ಐತಿ?"

"ಎಡಗೈಯಾಗ, ಉಸ್ತಾದ."

ಅವರ ಎಡ ಮಣಿಕಟ್ಟು ಸಣ್ಣಗೆ ತಿರುಗಿತು. "ಆಮ್ಯಾಲೆ ಮಿಲಿಟರಿಯವರು ಬಲಕ್ಕ ಹಾಕಿಸಿದ್ರು. ನಾ ಕಲ್ತದ್ದು ಎಡಕ್ಕ ಇದ್ದದ್ದು," ಅಂದರು. ನನ್ನ ಕಡೆ ತಿರುಗಿ, "ನೀ ನನ್ನ ಮಾತು ನಂಬಾಕ ಅಲ್ಲೀತನಕ ಹೋಗಬೇಕಾತೇನಲೇ?" ಅಂದರು.

ತಪ್ಪಾಯಿತು ಅಂದೆ. ಅವರು ಕೂಡು ಎಂದು ಕೈ ಮಾಡಿದರು.

ಶುಕ್ರವಾರ ನಮಾಜು ಮುಗಿಸಿ ಗ್ಯಾರೇಜಿಗೆ ಬಂದರು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು. ನೇರ ಹಾರ್ಲೆಯ ಹತ್ತಿರ ಹೋಗಿ, ಬಗ್ಗಿ, ಪೆಡಲಿನ ಕೆಳಗಿನ ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ವಾಲ್ಟರ್ ಸರಿಯಾದ ಕ್ರಮ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. "ಇದನ್ನ ಕಂಪನಿ ಮಾಡಿದಂಗ ತಿರುಗಿ ಹಾಕ್ಲೇನ್ರೀ?" ಎಂದು ಕೇಳಿದೆ.

"ಬ್ಯಾಡ," ಅಂದರು. "ಮತ್ತ ಬೇಲಿಗೆ ಹೋಗ್ತಿ."

ಬೇಲಿಯ ಸುದ್ದಿ ನಾನು ಅವರಿಗೆ ಹೇಳಿರಲಿಲ್ಲ. ಅವರ ಮಗಳಿಗೆ ಫೋನಿನಲ್ಲಿ ಸರೋಜಾ ಹೇಳಿದ್ದಳಂತೆ.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈಗ ಆ ಫೋಟೋ ಕಟ್ಟು ಹಾಕಿಸಿ ತೂಗು ಹಾಕಿದ್ದೇನೆ. ಅಂದು ನಕ್ಕವರಲ್ಲಿ ಕೆಲವರು ನೋಡಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ಡ್ರೈವರ್ ಎಲ್ಲಿದ್ದಾನೋ ಗೊತ್ತಿಲ್ಲ.

ಓದಿದವರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಹಿರಿಯರು ಹೇಳಿದ ಯಾವುದೋ ಮಾತಿಗೆ ನೀವೂ ನಕ್ಕಿರಬಹುದು. ಆಮೇಲೆ ಎಲ್ಲೋ ದೂರದಲ್ಲಿ ಅದು ಖರೆ ಎಂದು ಕಂಡಿರಬಹುದು. ಕಂಡಿದ್ದರೆ ಬರೆದು ಕಳಿಸಿ. ಕಾಗುಣಿತ ತಪ್ಪಿದರೂ ನಡೆಯುತ್ತದೆ, ನಾನು ನಿಧಾನವಾಗಿ ಓದಿಕೊಳ್ಳುತ್ತೇನೆ. ಆದರೆ ಅವರು ಇನ್ನೂ ಇದ್ದರೆ, ನನಗೆ ಬರೆಯುವ ಮೊದಲು ಅವರ ಮನೆಗೆ ಹೋಗಿ ಬನ್ನಿ.